ಲಂಕೆಯಲ್ಲಿ ಗಂಟು ಕಟ್ಟಿದ ಮುದ್ದೆ

ಅರಸೀಕೆರೆ

ಶ್ರೀಲಂಕಾಕ್ಕೆ ಹೋಗಿ ಬಂದೆ ಅಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ರಾವಣನ ವಿಷಯ. ಅರಮನೆ ನೋಡಿದಿರಾ, ಅಶೋಕವನ ನೋಡಿದಿರಾ, ಹನುಮಂತನ ಹೆಜ್ಜೆ ಎಷ್ಟು ದೊಡ್ಡದಿದೆ? ನಾನು ಅದೇನನ್ನೂ ನೋಡಲಿಲ್ಲ. ನೋಡಿದ್ದು ಒಂದು ತೆಂಗಿನ ತೋಟ, ಆಮೇಲೆ ಇನ್ನೊಂದು ತೆಂಗಿನ ತೋಟ, ಅದಾದ ಮೇಲೆ ಮತ್ತೊಂದು. ಅರಸೀಕೆರೆ ತಾಲ್ಲೂಕಿನವನು ಸಮುದ್ರ ದಾಟಿ ಹೋಗಿ ತೆಂಗಿನ ಮರ ನೋಡಿ ಬಂದ ಅಂದರೆ ಜನ ನಗುತ್ತಾರೆ. ನಗಲಿ. ಆ ಮರಗಳ ಕೆಳಗೆ ಉಂಡ ಒಂದು ಊಟದ ಬಗ್ಗೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಜಾವಗಲ್‌ನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ನಾನು ಓದಿದ್ದು ಏಳನೇ ಕ್ಲಾಸು. ತೆಂಗು ಬೆಳೆಗಾರರ ಸಂಘದವರು ಇಪ್ಪತ್ತೆರಡು ಜನರನ್ನು ಲಂಕೆಯ ತೋಟಗಳನ್ನು ನೋಡಲು ಕರೆದುಕೊಂಡು ಹೊರಟಾಗ, ಸಂಘದ ಡೈರೆಕ್ಟರ್ ಅನ್ನುವ ಕಾರಣಕ್ಕೆ ನನ್ನ ಹೆಸರೂ ಸೇರಿತು. ಬೆಳಗಿನ ರೈಲಿಗೆ ಅರಸೀಕೆರೆ ಸ್ಟೇಷನ್ನಿನಲ್ಲಿ ಎಲ್ಲರೂ ಸೇರಿದೆವು. ಒಬ್ಬೊಬ್ಬರನ್ನು ಬೀಳ್ಕೊಡಲು ನಾಲ್ಕು ನಾಲ್ಕು ಜನ ಬಂದಿದ್ದರು. ಜಾವಗಲ್‌ನ ರುದ್ರಪ್ಪನನ್ನು ಕಳಿಸಲು ಅವನ ಇಡೀ ಬೀದಿಯೇ ಬಂದಿತ್ತು. ನನ್ನ ಹೆಂಡತಿ ಚಟ್ನಿಪುಡಿ ಡಬ್ಬಿ ಕೈಗಿಟ್ಟು, "ನಿಮ್ಮಕ್ಕನಿಗೆ ಹೇಳಿದ್ರಾ?" ಎಂದು ಕೇಳಿದಳು. ಹೇಳಿದ್ದೆ. ಅಕ್ಕ "ಹುಷಾರಾಗಿ ಹೋಗ್ಬಾ" ಅಂದಿದ್ದಳು, ಅಷ್ಟೇ. ಸ್ಟೇಷನ್ನಿಗೆ ಬಂದಿರಲಿಲ್ಲ.

ನನ್ನ ಅಕ್ಕ ಗಂಗಮ್ಮನನ್ನು ಅದೇ ಊರಿನಲ್ಲಿ, ನಮ್ಮ ಮನೆಯಿಂದ ನಾಲ್ಕು ಮನೆಯಾಚೆ ಕೊಟ್ಟಿದೆ. ನಮ್ಮ ಭಾವ ಬಸ್ ಡ್ರೈವರ್. ಮದುವೆಯಾಗಿ ಎಷ್ಟೋ ವರ್ಷವಾದರೂ, ನಮ್ಮ ತೋಟದಲ್ಲಿ ಕಾಯಿ ಕೀಳುವ ದಿನ, ರಾಗಿ ಕೊಯ್ಯುವ ದಿನ, ಕಣ ಮಾಡುವ ದಿನ ಅವಳು ಹೊತ್ತು ಹುಟ್ಟುವ ಮೊದಲೇ ಬಂದು ಹಿತ್ತಿಲ ಒಲೆ ಹಚ್ಚುತ್ತಿದ್ದಳು. ಹದಿನೆಂಟು ಇಪ್ಪತ್ತು ಆಳಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಅದರ ಕಾಳಿನ ಪಲ್ಯ, ಮಜ್ಜಿಗೆ. ನನ್ನ ಹೆಂಡತಿಗೆ ಅಡುಗೆ ಚೆನ್ನಾಗಿಯೇ ಬರುತ್ತದೆ. ಆದರೆ ಇಪ್ಪತ್ತು ಜನರ ಹಿಟ್ಟನ್ನು ಒಂದೇ ಹಂಡೆಯಲ್ಲಿ ತಿರುವುವುದು ಬೇರೆ ವಿದ್ಯೆ. ಅದು ಅಮ್ಮನಿಂದ ಅಕ್ಕನಿಗೆ ಬಂದಿತ್ತು. ತವರಿನ ಮೇಲೆ ಅವಳಿಗಿದ್ದ ಹಕ್ಕೂ ಅದೇ ಆಗಿತ್ತು. ಬೇರೇನನ್ನೂ ಅವಳು ಕೇಳಿದವಳಲ್ಲ.

ಎರಡು ವರ್ಷದ ಹಿಂದೆ ಕಾಯಿ ಕೀಳುವ ದಿನ ಸಂಘದವರು ನಾಲ್ಕು ಜನ ತೋಟ ನೋಡಲು ಬಂದರು. ನಾನು ಹೊಸದಾಗಿ ಡೈರೆಕ್ಟರ್ ಆಗಿದ್ದೆ. ಇಸ್ತ್ರಿ ಅಂಗಿ ಹಾಕಿ ಅವರ ಜೊತೆ ಗತ್ತಿನಿಂದ ಮಾತಾಡುತ್ತಿದ್ದೆ. ಅಷ್ಟರಲ್ಲಿ ಸೀರೆ ಎತ್ತಿ ಕಟ್ಟಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡ ಅಕ್ಕ ಹೊಗೆಯ ನಡುವಿನಿಂದ, "ಏಯ್ ಬಸ್ಯಾ, ನಿಂತ್ಕಂಡು ಏನ್ ನೋಡ್ತೀಯೋ, ಎರಡು ಬಿಂದಿಗೆ ನೀರು ತತ್ತಾ!" ಎಂದು ಕೂಗಿದಳು. ಬಂದವರು ನಕ್ಕರು. ನಾನು ನೀರು ತಂದುಕೊಟ್ಟೆ. ಆದರೆ ಅವತ್ತೇ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡೆ.

ಮರುವರ್ಷ ಕಾಯಿ ಕೀಳುವ ಹಿಂದಿನ ದಿನ ಅಕ್ಕನ ಮನೆಗೆ ಹೋಗಿ, "ಈ ಸಲ ನೀನು ಬರೋದು ಬೇಡ ಕಣಕ್ಕ, ಆಳುಗಳೇ ಬೇಡ ಅಂದ್ರು. ಮುದ್ದೆ ಭಾರ ಆಗ್ತದಂತೆ, ಉಂಡ ಮೇಲೆ ಕೆಲಸ ಸಾಗಲ್ವಂತೆ. ಹೋಟ್ಲು ಪ್ಯಾಕೆಟ್ಟೇ ಸಾಕಂತೆ" ಅಂದೆ. ಯಾವ ಆಳೂ ಹಾಗೆ ಅಂದಿರಲಿಲ್ಲ. ಆಳುಗಳ ಮುಂದಾಳು ತಿಮ್ಮಣ್ಣ ಕೇಳಿದಾಗ, "ಅಕ್ಕನಿಗೆ ಇನ್ನು ನಿಮಗೆಲ್ಲ ಬೇಯಿಸಿ ಹಾಕೋಕೆ ಮನಸ್ಸಿಲ್ಲ" ಅಂದೆ. ಒಂದು ಸುಳ್ಳು ಆ ಕಡೆಗೆ, ಒಂದು ಈ ಕಡೆಗೆ. ಅವತ್ತು ಆಳುಗಳು ತಣ್ಣಗಿನ ಚಿತ್ರಾನ್ನದ ಪ್ಯಾಕೆಟ್ ಬಿಚ್ಚಿ ಉಂಡರು. ಮೂರು ಗಂಟೆಗೇ ಅವರ ಕೈ ನಿಧಾನವಾಯಿತು. ಅಕ್ಕ ಅಲ್ಲಿಂದೀಚೆಗೆ ನಮ್ಮ ಮನೆಗೆ ಹಬ್ಬಕ್ಕೆ ಬಂದರೂ ಜಗಲಿಯಲ್ಲೇ ಕೂತು ಹೋಗುತ್ತಾಳೆ. ಅಡುಗೆಮನೆಯ ಹೊಸಲು ದಾಟುವುದಿಲ್ಲ.

ಇದನ್ನು ತಲೆಯಲ್ಲಿಟ್ಟುಕೊಂಡೇ ನಾನು ರೈಲು ಹತ್ತಿದ್ದು.

ಬೆಂಗಳೂರಿನ ವಿಮಾನ ನಿಲ್ದಾಣ

ರುದ್ರಪ್ಪನದು ದೊಡ್ಡ ದನಿ, ದೊಡ್ಡ ಹೊಟ್ಟೆ. ಅವನ ತೆಂಗಿನಕಾಯಿ ಒಯ್ಯಲು ಬರುತ್ತಿದ್ದ ತಮಿಳು ಲಾರಿಯವರ ಜೊತೆ ಜಗಳವಾಡಿ ಆಡಿ ತಮಿಳು ಕಲಿತಿದ್ದ. ಬೈಗುಳ ಬಿಟ್ಟರೆ ಮಿಕ್ಕಿದ್ದೂ ಸುಮಾರಾಗಿ ಬರುತ್ತಿತ್ತು. ಲಂಕೆಯವರಿಗೆ ನಮ್ಮ ಮಾಲು ತೋರಿಸಬೇಕೆಂದು ಅವನು ಬ್ಯಾಗಿನಲ್ಲಿ ಒಳ್ಳೆಯ ಗಿಟುಕು ಕೊಬ್ಬರಿ ಇಪ್ಪತ್ತು ತುಂಬಿಕೊಂಡು ಬಂದಿದ್ದ. ತಪಾಸಣೆಯವರು ಬ್ಯಾಗು ಬಿಚ್ಚಿಸಿದರು.

"ಕೊಬ್ಬರಿ ವಿಮಾನದಲ್ಲಿ ಬಿಡಲ್ಲ ಸಾರ್. ಬೆಂಕಿ ಹತ್ತಿಕೊಳ್ಳೋ ವಸ್ತು."

ರುದ್ರಪ್ಪ ಅವರ ಮುಖವನ್ನೇ ನೋಡಿದ. "ಏನ್ ಸ್ವಾಮಿ ಹಿಂಗಂತೀರಾ? ನಮ್ಮನೆ ಅಟ್ಟದ ಮೇಲೆ ವರ್ಷಗಟ್ಲೆ ಬಿದ್ದಿರ್ತದೆ. ಕೆಳಗೆ ಒಲೆ ಉರಿತಿರ್ತದೆ. ನಮ್ಮಪ್ಪನ ಕಾಲದಿಂದ ಒಂದಿನ ಹತ್ಕಂಡಿಲ್ಲ!"

"ರೂಲ್ಸು ಸಾರ್."

ಇಪ್ಪತ್ತು ಕೊಬ್ಬರಿಯನ್ನೂ ಅಲ್ಲೇ ಬಿಟ್ಟು ಬರಬೇಕಾಯಿತು. ವಿಮಾನ ಏರಿದ ಮೇಲೂ ಅವನ ಸಿಟ್ಟು ಇಳಿಯಲಿಲ್ಲ. ಸೀಟಿನ ಬೆಲ್ಟು ಅವನ ಹೊಟ್ಟೆಗೆ ಸಾಲದೆ ಇನ್ನೊಂದು ತುಂಡು ತಂದು ಜೋಡಿಸಿದಾಗಲಂತೂ, "ದನ ಕಟ್ಟಿದಂಗೆ ಕಟ್ಟವ್ರೆ ಕಣ್ಲಾ ಬಸಣ್ಣ" ಎಂದು ಇಡೀ ವಿಮಾನಕ್ಕೆ ಕೇಳುವ ಹಾಗೆ ಹೇಳಿದ. ಗಗನಸಖಿಗೆ ಕನ್ನಡ ಬರುತ್ತಿತ್ತು. ಅವಳು ನಗು ತಡೆದುಕೊಂಡದ್ದನ್ನು ನಾನು ನೋಡಿದೆ.

ಕೊಲಂಬೊ

ಹಳೇಬೀಡಿನ ಗುಡಿಗೆ ಬರುವ ಫಾರಿನ್ ಜನರನ್ನು ಬಾಯಿಬಿಟ್ಟು ನೋಡುತ್ತ ಬೆಳೆದವರು ನಾವು. ಟೋಪಿ ಹಾಕಿಕೊಂಡು ಸಾಲಾಗಿ ಬಸ್ಸಿಳಿದು, ಸಿಕ್ಕಿದ್ದಕ್ಕೆಲ್ಲ ಕ್ಯಾಮೆರಾ ಹಿಡಿಯುವ ಜನ. ಕೊಲಂಬೊದಲ್ಲಿ ನಾವೇ ಹಾಗಾದೆವು. ಸಂಘದವರು ಕೊಟ್ಟ ಒಂದೇ ಬಣ್ಣದ ಟೋಪಿ ಹಾಕಿಕೊಂಡು ಇಪ್ಪತ್ತೆರಡು ಜನ ರಸ್ತೆ ದಾಟಲು ನಿಂತಾಗ ಶಾಲೆಯ ಮಕ್ಕಳು ನಮ್ಮನ್ನು ನೋಡಿ ಕಿಸಕ್ಕನೆ ನಕ್ಕರು. ಅಲ್ಲಿ ರಸ್ತೆ ದಾಟುವವರು ಕಾಲಿಟ್ಟರೆ ಗಾಡಿಗಳು ನಿಲ್ಲುತ್ತವೆ. ನಮಗೆ ಅದು ಗೊತ್ತಿಲ್ಲ. ಗಾಡಿಯವರು ನಾವು ದಾಟಲೆಂದು ನಿಂತರು, ನಾವು ಅವರು ಹೋಗಲೆಂದು ನಿಂತೆವು. ಹೀಗೆ ಎರಡೂ ಕಡೆಯವರು ಮರ್ಯಾದೆ ಮಾಡಿಕೊಳ್ಳುತ್ತ ಬಹಳ ಹೊತ್ತು ನಿಂತೆವು.

ಹೋಟೆಲಿನ ಬೆಳಗಿನ ತಿಂಡಿಯಲ್ಲಿ ನಮ್ಮ ಒತ್ತುಶಾವಿಗೆಯಂಥದ್ದೇ ಇತ್ತು. ಸಣ್ಣ ಸಣ್ಣ ಬಿಲ್ಲೆ. ಜೊತೆಗೆ ಕೆಂಪಗಿನ ತೆಂಗಿನಕಾಯಿ ಚಟ್ನಿ. ನೀರು ಹಾಕದೆ ಖಾರ, ಹುಳಿ ಸೇರಿಸಿ ಕುಟ್ಟಿದ್ದು. ನಾನು ಮೂರು ಸಲ ಹಾಕಿಸಿಕೊಂಡೆ. ಅದರಲ್ಲಿ ಏನೋ ಒಂದು ಹೊಸ ರುಚಿ, ನಮ್ಮ ಚಟ್ನಿಯಲ್ಲಿ ಇಲ್ಲದ್ದು. ಹೇಗೆ ಮಾಡುವುದೆಂದು ಬರೆದುಕೊಳ್ಳಲು ನಮ್ಮ ಗೈಡ್ ಸೆಲ್ವಂನನ್ನು ಕೇಳಿದೆ. ಅವನು ತಮಿಳಿನಲ್ಲಿ ಹೇಳುತ್ತ ಹೋದ, ರುದ್ರಪ್ಪ ಕನ್ನಡದಲ್ಲಿ ಹೇಳುತ್ತ ಬಂದ. ತೆಂಗಿನತುರಿ, ಒಣಮೆಣಸಿನಕಾಯಿ, ಈರುಳ್ಳಿ, ನಿಂಬೆರಸ. ಆಮೇಲೆ ರುದ್ರಪ್ಪ ಸುಮ್ಮನಾದ.

"ಇನ್ನೇನಂತೆ?"

"ಬುಡು, ಇನ್ನೇನಿಲ್ಲ."

"ಹೇಳೋ."

"ಒಣಮೀನಿನ ಪುಡಿ."

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಮೊಟ್ಟೆ ಕೂಡ ಒಳಗೆ ಬಂದಿಲ್ಲ. ನಾನು ಎದ್ದು ಹೋಗಿ ಬಾಯಿ ಮುಕ್ಕಳಿಸಿದೆ, ವಿಭೂತಿ ಹಚ್ಚಿಕೊಂಡೆ, ಬಂದು ಕೂತೆ. ರುದ್ರಪ್ಪನೂ ನಮ್ಮವನೇ. "ನೀನು ಎಷ್ಟು ತಿಂದೆ?" ಎಂದು ಕೇಳಿದೆ. "ನಾನು ಎಣಿಸಿಲ್ಲಪ್ಪ" ಅಂದ. ಊರಿನಲ್ಲಿ ಯಾರೂ ಬಾಯಿ ಬಿಡಬಾರದೆಂದು ಅಲ್ಲೇ ಮಾತಾಯಿತು. ಈಗ ಬರೆದುಬಿಟ್ಟಿದ್ದೇನೆ. ಅದಕ್ಕಿಂತ ದೊಡ್ಡ ತಪ್ಪನ್ನೇ ಒಪ್ಪಿಕೊಂಡ ಮೇಲೆ ಇದನ್ನು ಬಚ್ಚಿಟ್ಟು ಏನಾಗಬೇಕು.

ಕುರುನೇಗಲದ ದಾರಿ

ಮೂರನೆಯ ದಿನ ಕುರುನೇಗಲ ಅನ್ನುವ ಕಡೆಗೆ ಹೊರಟೆವು. ರಸ್ತೆಯ ಎರಡೂ ಬದಿಗೆ ತೆಂಗು. ನಮ್ಮ ಕಡೆಯ ಮರಕ್ಕಿಂತ ಎತ್ತರ, ನೆಲ ತಂಪು. ಒಂದು ತೋಟದಲ್ಲಿ ಕಾಯಿ ಕೀಳುತ್ತಿದ್ದರು. ಫೋಟೋ ತೆಗೆಯಬೇಕೆಂದು ಎಲ್ಲರೂ ಬಸ್ಸು ನಿಲ್ಲಿಸಿದರು. ಮತ್ತೆ ಹತ್ತಿ ಕೂತರೆ ಬಸ್ಸು ಸ್ಟಾರ್ಟ್ ಆಗಲಿಲ್ಲ.

ಇಳಿದು ತಳ್ಳಿದೆವು. ಬಸ್ಸು ತಳ್ಳುವುದು ನಮಗೆ ಹೊಸದಲ್ಲ. ಆದರೆ ಅಲ್ಲಿ ರಸ್ತೆ ಏರಿಗಿತ್ತು. ತೋಟದ ಆಳುಗಳು ಕೆಲಸ ಬಿಟ್ಟು ಬಂದು ಕೈ ಹಾಕಿದರು. ಅವರದೇ ಒಂದು ರಾಗದಲ್ಲಿ ಒಬ್ಬ ಕೂಗುವುದು, ಉಳಿದವರು ದನಿಗೂಡಿಸುವುದು. ಬಸ್ಸು ಹತ್ತು ಮಾರು ಮುಂದೆ ಹೋಗಿ, ಹದಿನೈದು ಮಾರು ಹಿಂದೆ ಬಂತು. ಡ್ರೈವರ್ ಫೋನ್ ಮಾಡಿ ಬೇರೆ ಬ್ಯಾಟರಿ ತರಿಸಲು ಹೇಳಿದ. ಎರಡು ಗಂಟೆ ಆಗಬಹುದು ಅಂದ. ಹೊತ್ತು ನೆತ್ತಿಗೆ ಬಂದಿತ್ತು. ನಮ್ಮ ಊಟ ಇನ್ನೆಲ್ಲೋ ದೂರದ ಹೋಟೆಲಿನಲ್ಲಿತ್ತು.

ಬಸ್ಸು ತಳ್ಳಿದವರಲ್ಲಿ ಒಬ್ಬ ಬೆವರು ಒರೆಸಿಕೊಂಡು ಸೆಲ್ವಂಗೆ ಸಿಂಹಳದಲ್ಲಿ ಏನೋ ಹೇಳಿದ. ಸೆಲ್ವಂ ರುದ್ರಪ್ಪನಿಗೆ ಹೇಳಿದ. ರುದ್ರಪ್ಪ ನಮಗೆ ಹೇಳಿದ: "ಊಟದ ಹೊತ್ತು, ಬನ್ನಿ ಅಂತಾವ್ರೆ. ಅಕ್ಕನಿಗೆ ಹೇಳಿದ್ರೆ ಇನ್ನೊಂದು ಹಂಡೆ ಇಡ್ತಾಳಂತೆ."

"ಯಾವ ಅಕ್ಕ?"

"ಅಡುಗೆ ಮಾಡೋ ಅಕ್ಕ. ಅವ್ರೂ ಅಕ್ಕ ಅಂತಾನೇ ಅನ್ನೋದು ಕಣ್ಲಾ. ಅವರ ಭಾಷೇಲೂ ಅದೇ ಮಾತು."

ಅಷ್ಟು ದೂರ ಹೋದ ಮೇಲೆ, ಒಂದು ಅಕ್ಷರ ತಿಳಿಯದ ಮಾತಿನ ನಡುವೆ, ಆ ಆಳುಗಳು "ಅಕ್ಕೇ, ಅಕ್ಕೇ" ಎಂದು ಕೂಗುತ್ತ ಮುಂದೆ ಹೋಗುವುದನ್ನು ಕೇಳಿ ನಾನು ದಾರಿಯಲ್ಲೇ ನಿಂತುಬಿಟ್ಟೆ. ರುದ್ರಪ್ಪ ಹಿಂದಿನಿಂದ ತಳ್ಳಿದ.

ಸೋಮಾ ಅಕ್ಕನ ಒಲೆ

ತೆಂಗಿನ ಗರಿಯ ಚಪ್ಪರ. ಮೂರು ಕಲ್ಲಿನ ಒಲೆ, ಉರಿಯಲು ಒಣ ಮಟ್ಟೆ. ಅಷ್ಟಕ್ಕೆ ಅದು ನಮ್ಮ ಹಿತ್ತಿಲೇ. ಒಲೆಯ ಮುಂದೆ ಅರವತ್ತು ದಾಟಿದ ಸಣ್ಣ ಮೈಯ ಹೆಂಗಸು, ಹೂವಿನ ಲಂಗದಂಥ ಬಟ್ಟೆ, ಬಿಳಿ ಕೂದಲ ತುರುಬು. ಹೆಸರು ಸೋಮಾವತಿ. ನಮ್ಮನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ಎಣಿಸಿದಳು. ಮುಖದಲ್ಲಿ ಬೇಸರವಿಲ್ಲ, ಲೆಕ್ಕ ಮಾತ್ರ. ಆಮೇಲೆ ಯಾರ ಮೇಲೋ ರೇಗಿ ಹಿಟ್ಟಿನ ಡಬ್ಬ ತರಿಸಿದಳು.

ಡಬ್ಬದ ಮುಚ್ಚಳ ತೆಗೆದಾಗ ನಾವೆಲ್ಲ ಬಗ್ಗಿ ನೋಡಿದೆವು. ರಾಗಿ ಹಿಟ್ಟು!

ನಮ್ಮವರು ಹೋ ಎಂದು ಕೂಗಿದ್ದಕ್ಕೆ ಅವಳು ಹೆದರಿ ಹಿಂದೆ ಸರಿದಳು. ಅವರು ರಾಗಿಗೆ ಕುರಕ್ಕನ್ ಅನ್ನುತ್ತಾರೆ. ವಾರಕ್ಕೆ ಒಂದೆರಡು ದಿನ ಆಳುಗಳಿಗೆ ಅದರ ಮುದ್ದೆ, ಉಳಿದ ದಿನ ಅನ್ನ. ಮುದ್ದೆ ಮಾಡಿ, ತೆಂಗಿನ ಚಿಪ್ಪಿನಲ್ಲಿ ಹಾಕಿ ಗರಗರ ಉರುಳಿಸಿದರೆ ಗುಂಡಗಾಗುತ್ತದೆ. ತಟ್ಟೆಗೆ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲೆ ಬಡಿಸುತ್ತಾರೆ. ಉಂಡ ಮೇಲೆ ಹಾಳೆ ತೆಗೆದರೆ ತಟ್ಟೆ ತೊಳೆಯುವ ಕೆಲಸವಿಲ್ಲ. ನಮ್ಮ ಮುತ್ತುಗದ ಎಲೆ ಇದಕ್ಕಿಂತ ಮೇಲು ಎಂದು ನಮ್ಮಲ್ಲಿ ಒಬ್ಬರು ಭಾಷಣ ಶುರು ಮಾಡಿದರು. ಹಸಿವಾಗಿದ್ದರಿಂದ ಯಾರೂ ಕೇಳಿಸಿಕೊಳ್ಳಲಿಲ್ಲ.

ಎರಡನೆಯ ಹಂಡೆ ಒಲೆಗೇರಿತು. ರುದ್ರಪ್ಪ ತಮಿಳಿನಲ್ಲಿ ಸೆಲ್ವಂಗೆ, "ಇವನ ಮನೇದು ಮುದ್ದೆಗೆ ಹೆಸರಾದ ಮನೆ. ಇವನೇ ತಿರುವಲಿ" ಅಂದುಬಿಟ್ಟ. ಅದು ಅವಳಿಗೆ ಮುಟ್ಟಿತು. ಅವಳು ನಕ್ಕು, ಕೋಲನ್ನು ನನ್ನ ಕೈಗೆ ಕೊಟ್ಟಳು. "ಮಲ್ಲಿ" ಎಂದು ಕರೆದಳು. ಅವರಲ್ಲಿ ತಮ್ಮನಿಗೆ ಹಾಗನ್ನುತ್ತಾರಂತೆ. ನಮ್ಮವರು ನಕ್ಕದ್ದು ಕೇಳಬೇಕೆ.

ಹೆಸರಾದ ಮನೆಯೇನೋ ನಿಜ. ಆದರೆ ನಾನು ಹುಟ್ಟಿದಾಗಿನಿಂದ ಮುದ್ದೆ ಉಂಡಿದ್ದೇನೆ, ಮುದ್ದೆಗೆ ಬಂದ ಹೊಗಳಿಕೆಯನ್ನೂ ಉಂಡಿದ್ದೇನೆ. ಒಂದು ದಿನ ಕೋಲು ಹಿಡಿದಿಲ್ಲ. ಎಸರು ಕುದಿಯುತ್ತಿತ್ತು. ಹಿಟ್ಟು ಸುರಿದೆ. ಸುರಿದ ಕೂಡಲೇ ತಿರುವಲು ಶುರು ಮಾಡಿದೆ. ಹಿಟ್ಟು ಬೇಯಲು ಬಿಡಬೇಕು ಅನ್ನುವುದು ನನಗೆ ಆಮೇಲೆ ನೆನಪಾಯಿತು. ಕೈಗೆ ಹಬೆ ಹೊಡೆಯಿತು. ಹಂಡೆ ಒಂದು ಕಡೆ ಓಡಿದರೆ ಕೋಲು ಇನ್ನೊಂದು ಕಡೆ ಓಡಿತು. ಕಣ್ಣಲ್ಲಿ ಹೊಗೆಯ ನೀರು. ಕೊನೆಗೆ ಬಂದದ್ದು ಮುದ್ದೆಯಲ್ಲ. ಒಳಗೆ ನೆಲ್ಲಿಕಾಯಿ ಗಾತ್ರದ ಗಂಟುಗಳು, ಒಡೆದರೆ ಬೇಯದ ಹಸಿ ಹಿಟ್ಟು.

"ಏನ್ಲಾ ಬಸಣ್ಣ, ಗೋಲಿ ಆಡಕ್ಕೆ ಮಾಡಿದ್ಯಾ?" ಎಂದು ರುದ್ರಪ್ಪ ಒಂದು ಗಂಟನ್ನು ಎತ್ತಿ ತೋರಿಸಿದ. ಅಲ್ಲಿನ ಆಳುಗಳು ತೊಡೆ ತಟ್ಟಿಕೊಂಡು ನಕ್ಕರು. ಸೋಮಾ ಅಕ್ಕ ಕೋಲು ಕಸಿದುಕೊಂಡು, ಗಂಟುಗಳನ್ನು ಹಂಡೆಯ ಬದಿಗೆ ಒತ್ತಿ ಒತ್ತಿ ಒಡೆದು, ಬಿಸಿನೀರು ಚಿಮುಕಿಸಿ, ಹೇಗೋ ಉಳಿಸಿದಳು. ಅವಳ ತೋಳಿನಲ್ಲಿ ಹಗ್ಗದ ಹಾಗೆ ನರ ಎದ್ದಿತ್ತು. ನಮ್ಮ ಅಕ್ಕನ ತೋಳನ್ನು ನಾನು ಹಾಗೆ ನಿಂತು ನೋಡಿದ್ದು ನನಗೆ ನೆನಪಿಲ್ಲ.

ಊಟಕ್ಕೆ ಕೂತೆವು. ಎಳೆ ಹಲಸಿನಕಾಯಿಯನ್ನು ಕಾಯಿಹಾಲಿನಲ್ಲಿ ಬೇಯಿಸಿದ ಗೊಜ್ಜಿನಂಥ ಸಾರು. ಮೀನಿಲ್ಲವೆಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅಲ್ಲಿನವರು ಮುದ್ದೆಯನ್ನು ಅಗಿಯುವುದನ್ನು ನೋಡಿ ರುದ್ರಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಪಾಠ ಮಾಡಿದ: "ಅಗೀಬಾರ್ದು, ನುಂಗಬೇಕು, ಹಿಂಗೆ!" ಅವರಲ್ಲಿ ಒಬ್ಬ ನುಂಗಲು ಹೋಗಿ ಕೆಮ್ಮಿ ಕಣ್ಣು ಕೆಂಪು ಮಾಡಿಕೊಂಡ. ಪಾಠ ಅಲ್ಲಿಗೆ ಮುಗಿಯಿತು.

ಸೋಮಾ ಅಕ್ಕ ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು: ಮನೆಯಲ್ಲಿ ಆಳುಗಳಿಗೆ ಅಡುಗೆ ಯಾರು ಮಾಡುತ್ತಾರೆ?

"ಅಕ್ಕ" ಅಂದೆ. ಅದಕ್ಕೆ ಅನುವಾದ ಬೇಕಾಗಲಿಲ್ಲ. ಅವಳ ಮುಖ ಅರಳಿತು.

ಈ ವರ್ಷವೂ ಅವಳೇ ಮಾಡುತ್ತಾಳಾ, ಎಷ್ಟು ಜನಕ್ಕೆ, ಅವಳಿಗೂ ಮೊಣಕಾಲು ನೋವಿದೆಯಾ? ಪ್ರಶ್ನೆಗಳು ಸೆಲ್ವಂನಿಂದ ರುದ್ರಪ್ಪನಿಗೆ, ರುದ್ರಪ್ಪನಿಂದ ನನಗೆ ಬರುತ್ತಿದ್ದವು. ಹೌದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕಾಣದ ದೇಶ, ಮತ್ತೆ ನೋಡದ ಮುಖ. ಆದರೆ ನನ್ನ ಗಂಟು ಮುದ್ದೆಯನ್ನು ಉಳಿಸಿ ನನಗೇ ಬಡಿಸಿದವಳು ಎದುರಿಗೆ ಕೂತಿದ್ದಳು. ಮೂರನೆಯ ಸುಳ್ಳು ಬಾಯಿಗೆ ಬರಲಿಲ್ಲ.

ಹೇಳಿದೆ. ಇಸ್ತ್ರಿ ಅಂಗಿ, ನೀರಿನ ಬಿಂದಿಗೆ, ಆಳುಗಳೇ ಬೇಡ ಅಂದರೆಂದು ಹೇಳಿದ್ದು, ಎಲ್ಲವನ್ನೂ. ರುದ್ರಪ್ಪ ಅರ್ಧಕ್ಕೆ ಅನುವಾದ ನಿಲ್ಲಿಸಿ ನನ್ನನ್ನೇ ನೋಡಿದ. "ಗಂಗಕ್ಕನಿಗೇನ್ಲಾ ಹಂಗಂದಿದ್ದು? ಆಳುಗಳು ನಿಮ್ಮ ತೋಟಕ್ಕೆ ಬರ್ತಿದ್ದಿದ್ದೇ ಆ ಊಟಕ್ಕೆ ಕಣ್ಲಾ!"

"ಗೊತ್ತು. ನೀನು ಅವರಿಗೆ ಹೇಳು."

ಅವನು ಹೇಳಿದ. ಮಾತು ಎರಡು ಭಾಷೆ ದಾಟಿ ಅವಳನ್ನು ತಲುಪುವವರೆಗೆ ನಾನು ತಟ್ಟೆ ನೋಡುತ್ತ ಕೂತಿದ್ದೆ. ಅವಳು ನಾಲಿಗೆಯಲ್ಲಿ ಲೊಚಗುಟ್ಟಿದಳು. ಬುದ್ಧಿಮಾತು ಹೇಳುತ್ತಾಳೆಂದುಕೊಂಡೆ. ಅವಳು ಒಂದೇ ಪ್ರಶ್ನೆ ಕೇಳಿದಳು. ರುದ್ರಪ್ಪ ಅದನ್ನು ಮೆಲ್ಲಗೆ ಹೇಳಿದ:

"'ಅವಳ ಕೈಯಲ್ಲಿ ಏನು ಕೆಟ್ಟಿದೆ ಅಂತ ಅವಳು ಈಗಲೂ ಹುಡುಕ್ತಾ ಇರ್ತಾಳಲ್ಲ?' ಅಂತ ಕೇಳ್ತಾವ್ಳೆ."

ನನಗೆ ಆ ಯೋಚನೆಯೇ ಬಂದಿರಲಿಲ್ಲ. ಅಕ್ಕನಿಗೆ ಬೇಸರವಾಗಿದೆ, ಸಿಟ್ಟಿದೆ ಎಂದಷ್ಟೇ ತಿಳಿದಿದ್ದೆ.

ಬ್ಯಾಟರಿ ಬಂತು. ಹೊರಡುವಾಗ ಇಪ್ಪತ್ತೆರಡು ಜನರೂ ಕೈಮುಗಿದೆವು.

ಬೇಲೂರು ಬಸ್ಸು

ಅರಸೀಕೆರೆಯಲ್ಲಿ ರೈಲಿಳಿದು ಬೇಲೂರಿನ ಬಸ್ಸು ಹತ್ತಿದರೆ ಡ್ರೈವರ್ ಸೀಟಿನಲ್ಲಿ ನಮ್ಮ ಭಾವ. "ಬಂದ್ಯಾ ಬಸವರಾಜು, ಬಾ" ಎಂದು ಪಕ್ಕದ ಬಾನೆಟ್ ಮೇಲೆ ಕೂರಿಸಿಕೊಂಡರು. ಎಂದೂ ಗಮನಿಸದವನು ಅವತ್ತು ಅವರನ್ನು ಸರಿಯಾಗಿ ನೋಡಿದೆ. ಕಾಕಿ ಅಂಗಿ ಸಡಿಲವಾಗಿತ್ತು.

"ಯಾಕ್ ಭಾವ, ಇಳ್ದೋಗಿದ್ದೀರಾ? ಷುಗರ್ ಏನಾದ್ರೂ?"

"ಷುಗರಲ್ಲಪ್ಪ, ನಿಮ್ಮಕ್ಕ" ಅಂದರು. ಗೇರ್ ಬದಲಾಯಿಸಿ, ಹಿಂದೆ ಯಾರೂ ಕೇಳದ ಹಾಗೆ ದನಿ ತಗ್ಗಿಸಿದರು. "ಒಂದು ವರ್ಷದಿಂದ ನನ್ನ ಹೊಟ್ಟೆ ಮೇಲೆ ಪರೀಕ್ಷೆ ಮಾಡ್ತಾವ್ಳೆ. ಒಂದಿನ ಹಿಟ್ಟಿಗೆ ಅಕ್ಕಿನುಚ್ಚು ಬೆರೆಸ್ತಾಳೆ. ಒಂದಿನ ನೀರು ಜಾಸ್ತಿ. ಒಂದಿನ ಮುದ್ದೆ ನಿಂಬೆಹಣ್ಣಿನಷ್ಟು. ಉಂಡು ಕೈ ತೊಳೆಯೋಕಿಲ್ಲ, 'ಹೊಟ್ಟೆ ಭಾರ ಐತಾ, ನಿದ್ದೆ ಬತ್ತದಾ' ಅಂತ ಕೇಳ್ತಾಳೆ. ಭಾರ ಇಲ್ಲ ಕಣೇ, ಹಸಿವು ಐತೆ ಅಂದ್ರೆ ನಂಬಲ್ಲ. ಆಳುಗಳು ಬ್ಯಾಡ ಅಂದ್ರಂತಲ್ಲ, ಅದು ಅವಳ ತಲೆ ಹೊಕ್ಕಂಡೈತೆ."

ಜಾವಗಲ್ ಬಂತು, ಹೋಯಿತು. ಬಸ್ಸಿಳಿದು ಬ್ಯಾಗು ಸಮೇತ ನೇರ ಅಕ್ಕನ ಮನೆಗೆ ಹೋದೆ.

ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಹುರುಳಿಕಾಳು ಕೇರುತ್ತಿದ್ದಳು. ಮೊದಲು ಮೀನಿನ ಚಟ್ನಿಯ ಕಥೆ ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮೂರು ಸಲ ಹಾಕಿಸ್ಕಂಡ್ಯಾ? ಥೂ! ಚೆನ್ನಾಗಿತ್ತೇನೋ?" ಆ ನಗು ನಿಲ್ಲುವ ಮೊದಲೇ ಹೇಳಿಬಿಡಬೇಕೆಂದು ಹೇಳಿದೆ.

ಮೊರ ನಿಂತಿತು.

"ತಿಮ್ಮಣ್ಣ ಅಂದಿಲ್ವಾ?"

"ಇಲ್ಲ."

"ಬೇರೆ ಯಾರಾದ್ರೂ?"

"ಯಾರೂ ಅಂದಿಲ್ಲ ಅಕ್ಕ. ನಾನೇ ಹುಟ್ಟಿಸಿ ಹೇಳ್ದೆ. ಅವತ್ತು ಸಂಘದೋರ ಮುಂದೆ ನೀರು ತತ್ತಾ ಅಂದ್ಯಲ್ಲ, ಅದಕ್ಕೆ."

ಅವಳಿಗೆ ಅದು ನೆನಪೇ ಇರಲಿಲ್ಲ.

"ಹಂಡೆ ಕುದೀತಿದ್ರೆ ನೀರು ತತ್ತಾ ಅನ್ನದೆ ಮಂತ್ರ ಹೇಳ್ಲೇನೋ?" ಅಂದಳು. ಮೊರ ಕೆಳಗಿಟ್ಟು, "ತಿಮ್ಮಣ್ಣ ಬೀದೀಲಿ ಎದುರಾದ್ರೆ ನಾನು ತಲೆ ತಗ್ಗಿಸ್ಕಂಡು ಹೋಗ್ತಿದ್ದೆ ಕಣೋ. ಅಷ್ಟು ವರ್ಷ ಅವ್ರು ನನ್ನ ಮುಲಾಜಿಗೆ ಉಂಡ್ರು ಅಂದ್ಕಂಡಿದ್ದೆ" ಅಂದಳು.

ನಾನು ತಪ್ಪಾಯಿತು ಅಂದೆ. ಅವಳು ಮತ್ತೆ ಮೊರ ಎತ್ತಿಕೊಂಡಳು. ಕಾಳು ಕೇರಿ ಮುಗಿಸಿದಳು. ಎದ್ದು ಒಳಗೆ ಹೋಗುತ್ತ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನನ್ನ ಹತ್ರ ಹೇಳಿದ್ರೆ ಮುಗೀತಾ? ಆಳುಗಳ ಮುಂದೆ ಹೇಳು. ಎಲ್ಲರೂ ಕೂತಿರೋವಾಗ. ಅವ್ರ ಮೇಲೂ ತಾನೇ ನೀನು ಸುಳ್ಳು ಹೊರ್ಸಿದ್ದು."

ತೋಟ

ಕಾಯಿ ಕೀಳುವ ದಿನ ಅಕ್ಕ ಹೊತ್ತು ಹುಟ್ಟುವ ಮೊದಲೇ ಬಂದಳು. ನನ್ನ ಜೊತೆ ಮಾತಿಲ್ಲ. ಹಿತ್ತಿಲ ಒಲೆಯ ಬೂದಿ ತೆಗೆದು, ಕಲ್ಲು ಸರಿಮಾಡಿ, ಹಂಡೆಗೆ ಮಣ್ಣು ಮೆತ್ತಿ ಇಟ್ಟಳು. ಅವಳನ್ನು ನೋಡಿ ತಿಮ್ಮಣ್ಣ ಬಾಗಿಲಲ್ಲೇ ನಿಂತ. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಅಕ್ಕ ನಾನು ಹೇಳಲೆಂದು ಕಾಯುತ್ತಿದ್ದಳು, ತಿಮ್ಮಣ್ಣನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಮಧ್ಯಾಹ್ನ ಹದಿನೆಂಟು ಜನ ಮರದ ನೆರಳಿನಲ್ಲಿ ಸಾಲಾಗಿ ಕೂತರು. ಎಲೆ ಹಾಕಿಯಾಯಿತು. ನಾನು ಸಾರಿನ ಬಕೆಟ್ ಹಿಡಿದು ನಿಂತು, ಹೇಳಿದೆ. ಸಂಘದ ಸಭೆಯಲ್ಲಿ ಮೈಕಿನ ಮುಂದೆ ಮಾತಾಡುವ ನನಗೆ ಅಲ್ಲಿ ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಬೆವರು ಇಳಿಯಿತು. ನೀವು ಬೇಡ ಅಂದಿರೆಂದು ಅಕ್ಕನಿಗೆ ಹೇಳಿದೆ, ಅಕ್ಕ ಒಲ್ಲೆ ಅಂದಳೆಂದು ನಿಮಗೆ ಹೇಳಿದೆ, ಎರಡೂ ಸುಳ್ಳು.

ಆಮೇಲೆ ತಿಮ್ಮಣ್ಣ ಅಂದ: "ಅಂಗಾರೆ ಬಸಣ್ಣೋರೆ, ಹೋದ್ ವರ್ಷ ನಾವು ಆ ತಂಗಳು ಚಿತ್ರಾನ್ನ ತಿಂದು ಸಾಯಂಕಾಲ ತೂಕಡಿಸಿದ್ದು ನಿಮ್ಮಿಂದ ಅನ್ನಿ!"

"ನಾನಂತೂ ಅವತ್ತು ಮನೆಗೆ ಹೋಗಿ ಇನ್ನೊಂದ್ಸಲ ಉಂಡೆ" ಅಂದಳು ಕಾಯಿ ಆಯುವ ಜಯಮ್ಮ.

ಎಲ್ಲರೂ ನಕ್ಕರು. ನಗುತ್ತಲೇ ಒಬ್ಬ, "ತಪ್ಪು ದಂಡ ಅಂತ ಬಸಣ್ಣೋರೇ ಇವತ್ತು ಎಲೆ ಎತ್ಲಿ" ಅಂದ. ಒಪ್ಪಿಕೊಂಡೆ. ಅಕ್ಕ ಮಾತ್ರ ನಗಲಿಲ್ಲ. ಮುದ್ದೆಯ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಸಾಲಿನ ತುದಿಗೆ ಬಂದಳು. ಮೊದಲ ಮುದ್ದೆ ಎಲ್ಲರಿಗೂ ಹಾಕಿಯಾಯಿತು. ಎರಡನೆಯ ಸುತ್ತಿಗೆ ತಿಮ್ಮಣ್ಣನ ಮುಂದೆ ನಿಂತು ಕೇಳಿದಳು:

"ಇನ್ನೊಂದು ಇಕ್ಲಾ? ಭಾರ ಆಗ್ತದಾ?"

ಆಳಿನ ಊಟದಲ್ಲಿ ಹಾಗೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದರೆ ದುಡಿಯುವವನು ನಾಚಿಕೆಗೆ ಸಾಕು ಅನ್ನುತ್ತಾನೆ. ಬಡಿಸುವವರು ಮುಖ ನೋಡದೆ ಇಕ್ಕಿ ಮುಂದೆ ಹೋಗಬೇಕು. ಅಮ್ಮ ಕೇಳುತ್ತಿರಲಿಲ್ಲ. ಅಕ್ಕನೂ ಅಷ್ಟು ವರ್ಷ ಕೇಳಿದವಳಲ್ಲ.

ತಿಮ್ಮಣ್ಣ ತಲೆಯೆತ್ತಿ ನೋಡಿದ. "ಕೇಳ್ಬ್ಯಾಡಿ ಕಣವ್ವ. ಇಕ್ಕಿ."

ಇಕ್ಕಿದಳು. ಪಕ್ಕದವನಿಗೂ ಕೇಳಿದಳು. ಅವನು "ಇಕ್ಕವ್ವ" ಅಂದ. ಅದರಾಚೆಯವನಿಗೂ ಕೇಳಿದಳು. ನಾನು ಸಾರಿನ ಬಕೆಟ್ ಹಿಡಿದು ಅವಳ ಹಿಂದೆ ಹಿಂದೆ ಹೋಗುತ್ತಿದ್ದೆ. ಅವಳು "ಭಾರ ಆಗ್ತದಾ" ಎಂದಾಗಲೆಲ್ಲ ನನ್ನ ಮಾತೇ ಅವಳ ಬಾಯಲ್ಲಿ ನನಗೆ ಕೇಳಿಸುತ್ತಿತ್ತು. ಐದು ಜನ ಆದರು, ಎಂಟು ಜನ ಆದರು. ಒಬ್ಬೊಬ್ಬರೂ ಎಲೆಯನ್ನು ಮುಂದಕ್ಕೆ ತಳ್ಳುತ್ತ ಹೋದರು.

ಜಯಮ್ಮನ ಮುಂದೆ ಬಂದಾಗ ಅಕ್ಕ ಬಾಯಿ ತೆರೆಯುವ ಮೊದಲೇ ಅವಳು ಎಲೆಗೆ ಕೈ ಅಡ್ಡ ಹಿಡಿದು, "ನಂಗೆ ಸಾಕು ಕಣಕ್ಕ, ಒಂದೇ ಸಾಕು" ಅಂದಳು.

ಅಕ್ಕ ಅವಳನ್ನು ನೋಡಿದಳು. ಬೆಳಗಿನಿಂದ ಕಾಯಿ ಆಯ್ದು ಬಗ್ಗಿದ ಬೆನ್ನು, ಇನ್ನೂ ಅರ್ಧ ತೋಟ ಬಾಕಿ.

"ತೆಗೀ ಕೈಯ" ಅಂದಳು. ಮೊಣಕೈಯಲ್ಲಿ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಮುದ್ದೆಯನ್ನು ಎಲೆಯ ನಡುವೆ ಇಕ್ಕಿ, ಮುಖ ನೋಡದೆ ಮುಂದಿನ ಎಲೆಗೆ ಹೋದಳು. ಅಲ್ಲಿ ಕೇಳಲಿಲ್ಲ.

ನಾನು ಬಗ್ಗಿ ಜಯಮ್ಮನ ಮುದ್ದೆಯ ಪಕ್ಕ ಸಾರು ಬಿಟ್ಟೆ.